ಮಲ್ಸುನಿಯ ಜಡೆ

"ಬಿಚ್ಚೇ ಜಡೆ! ಕಳ್ಳ ಮುಂಡೆ, ಮಿಕಿಮಿಕಿ ನೋಡ್ತಾ ನಿಂತವ್ಳೆ!"

ಗೇಟಿನಲ್ಲಿ ತಪಾಸಣೆಗೆ ನಿಲ್ಲುವ ಮಾ ಎಂಬ ಹೆಂಗಸು ಆಗಲೇ ಮಲ್ಸುನಿಯ ರವಿಕೆಯೊಳಗೆ ಕೈ ಹಾಕಿ ತಡಕಿದ್ದಳು. ಸಿಯೋಲಿನ ಆ ವಿಗ್ ಕಾರ್ಖಾನೆಯ ಹೆಣ್ಣುಮಕ್ಕಳು ದಿನವೂ ಹೀಗೆ ಮೈ ತಡಕಿಸಿಕೊಂಡ ಮೇಲೇ ಹೊರಗೆ ಕಾಲಿಡಬೇಕು. ಕೂದಲು ಕದಿಯುತ್ತಾರಂತೆ.

ಮಲ್ಸುನಿ ಕೆಂಪು ರಿಬ್ಬನ್ ಕಟ್ಟಿದ ಜಡೆಯನ್ನು ಎದೆಗವಚಿಕೊಂಡಳು. "ನಂದೇ ಕಣಮ್ಮಾ. ನಮ್ಮವ್ವ ಎಣ್ಣೆ ಹಚ್ಚಿ ಬೆಳೆಸಿದ್ದು."

ಮ್ಯಾನೇಜರ್ ಪ್ಯೊ ಸಿಗರೇಟು ಸೇದುತ್ತ ಬಂದ. "ಜವೆ ಗಂಜಿ ಕುಡಿಯೋಳ ತಲೇಲಿ ಇಂಥಾ ಕೂದ್ಲಾ? ನಮ್ಮ ಮಾಲು ಸೇರ್ಸಿ ಹೆಣೆದವ್ಳೆ. ಕತ್ತರ್ಸು, ಗೊತ್ತಾಗ್ತದೆ."

"ಎಳೆದು ನೋಡಿ ಸಾರ್, ಬುಡ ಐತೆ!" ಸಾಲಿನಲ್ಲಿ ಹಿಂದೆ ನಿಂತಿದ್ದ ಒಕ್ಬುನಿ ಕೂಗಿದಳು. ಇಬ್ಬರದೂ ಒಂದೇ ಬಾಡಿಗೆ ಕೋಣೆ, ಒಂದೇ ಹಾಸಿಗೆ.

"ನಿನ್ನ ನಾಲಿಗೆಗೂ ಕತ್ತರಿ ಬೇಕೇನೇ?" ಎನ್ನುತ್ತ ಮಾ ಕತ್ತರಿ ಎತ್ತಿದಳು.

ಜಡೆ ಮಾಲಿನ ಬುಟ್ಟಿಗೆ ಬಿತ್ತು, ಮಲ್ಸುನಿ ಬೀದಿಗೆ ಬಿದ್ದಳು. ಮರುದಿನ ಗೇಟಿನ ಹಲಗೆಯ ಮೇಲೆ 'ಕಳ್ಳಿ' ಎಂದು ಅವಳ ಹೆಸರು. ಆ ಹಲಗೆಗೆ ಏರಿದವಳನ್ನು ಸುತ್ತಮುತ್ತಲ ಯಾವ ಕಾರ್ಖಾನೆಯೂ ಒಳಗೆ ಸೇರಿಸುವುದಿಲ್ಲ.

ಮಲ್ಸುನಿ ತಲೆಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. "ಅಕ್ಕಾ, ಕಳ್ಳಿ ಅನ್ನಿಸ್ಕೊಂಡು, ಈ ಮೋಟು ಮಂಡೆ ಹೊತ್ಕೊಂಡು ಊರಿಗೆ ಹೆಂಗೋಗ್ಲಿ? ಅವ್ವಂಗೆ ಏನಂತ ಹೇಳ್ಲಿ?"

ಒಕ್ಬುನಿ ಮಾಡಿಟ್ಟ ಕಿಮ್ಚಿ ಸಾರು ಒಲೆಯ ಮೇಲೇ ಆರಿತು.

ಆ ವಾರವೇ ಒಕ್ಬುನಿಗೆ ಪ್ಯೊನಿಂದ ಕರೆ ಬಂತು. ಆಗಾಗ ಒಬ್ಬ ಕೂಲಿಯವಳನ್ನು ವೇದಿಕೆಗೆ ಹತ್ತಿಸಿ, ಕಷ್ಟಪಟ್ಟು ಮೇಲೆ ಬಂದ ಅವಳ ಕಥೆ ಹೇಳಿಸುವುದು ಅಲ್ಲಿನ ರೂಢಿ. ಕೇಳಿದವರು ಬಾಯಿ ಮುಚ್ಚಿಕೊಂಡು ಇನ್ನಷ್ಟು ದುಡಿಯಬೇಕು, ಅಷ್ಟೇ.

"ಸೋಮವಾರ ನಿಂದು. ಹಸಿವು, ಬಡತನ, ಆಮೇಲೆ ಕಾರ್ಖಾನೆ ಕೈ ಹಿಡೀತು ಅನ್ನು. ನಡುವೆ ನಿಮ್ಮಪ್ಪ ಸಾಯ್ತಾನೆ."

"ನಮ್ಮಪ್ಪ ಗುಂಡುಕಲ್ಲಿನಂಗವ್ನೆ ಸಾರ್."

"ಕಥೇಲಿ ಸತ್ರೆ ಅವನ ಗಂಟೇನು ಹೋಗ್ತದೆ? ಅಲ್ಲಿ ಅಳ್ಬೇಕು. ದೊಡ್ಡ ಸಾಹೇಬರ ಹೆಂಡ್ತೀನೂ ಅಳ್ಬೇಕು. ಚೆನ್ನಾಗಿ ಅತ್ರೆ ನಿಮ್ಮ ಸಾಲಿಗೆ ನೀನೇ ಮೇಸ್ತ್ರಿ. ಇಲ್ಲಾಂದ್ರೆ ಹಲಗೆ ಮೇಲೆ ಇನ್ನೂ ಜಾಗ ಐತೆ." ಹಾಗೆಂದು ಒಂದು ಕಟ್ಟನ್ನು ಅವಳ ಮಡಿಲಿಗೆ ಎಸೆದ. "ಆಯಮ್ಮಂಗೆ ಕಾಣಿಕೆ ಕೊಡೋ ವಿಗ್ಗು. ನೀನೇ ಹೊಲಿ. ಒಳ್ಳೇ ಮಾಲು."

ಬಿಚ್ಚಿದರೆ ಮಲ್ಸುನಿಯ ಜಡೆ. ರಿಬ್ಬನ್ನನ್ನು ತೆಗೆಯುವಷ್ಟು ನಾಚಿಕೆಯೂ ಆ ನಾಯಿಗಳಿಗೆ ಇರಲಿಲ್ಲ.

ಆದರೂ ಒಕ್ಬುನಿ ಹೊಲಿದಳು. ಎಳೆ ಎಳೆಯನ್ನೂ ವಿಗ್ಗಿನ ಬಲೆಗೆ ಗಂಟು ಹಾಕುತ್ತ, ಪ್ಯೊನ ಏಳು ತಲೆಮಾರಿಗೂ ಶಾಪ ಹಾಕುತ್ತ ಹೊಲಿದಳು. ಕೊನೆಗೆ ಆ ಕೆಂಪು ರಿಬ್ಬನ್ನನ್ನು ಬಲೆಯ ಒಳಮೈಗಿಟ್ಟು ಭದ್ರವಾಗಿ ಹೊಲಿದು, ಮೇಲೆ ಅಸ್ತರಿ ಬಟ್ಟೆ ಕೊಟ್ಟಳು.

ಸೋಮವಾರ ಸಭಾಂಗಣದ ತುಂಬ ಬಿಳಿ ತಲೆವಸ್ತ್ರದ ಹುಡುಗಿಯರು. ವೇದಿಕೆಯ ಮೇಲೆ ಮರದ ತಲೆ, ಅದಕ್ಕೆ ವಿಗ್ಗು. ಪಕ್ಕದ ಕುರ್ಚಿಯಲ್ಲಿ ಸಾಹೇಬರ ಹೆಂಡತಿ.

"ಊರಿಗೆ ಕೂದಲು ಕೊಳ್ಳೋರು ಬಂದಾಗ, ತಮ್ಮನ ಸ್ಕೂಲಿಗೇಂತ ನಮ್ಮವ್ವ ನನ್ನ ಜಡೆ ಕುಯ್ದು ಮಾರಿದ್ಲು," ಎಂದು ಒಕ್ಬುನಿ ಶುರುಮಾಡಿದಳು. "ನಾನು ಅತ್ತುಬಿಟ್ಟೆ. ನನಗಿಂತ ಅವ್ವ ಜಾಸ್ತಿ ಅತ್ಲು."

ಆಯಮ್ಮ ಕರವಸ್ತ್ರ ತೆಗೆದರು. ಪ್ಯೊ ತಲೆದೂಗಿದ. ಈಗ ಅಪ್ಪ ಸಾಯಬೇಕಿತ್ತು.

"ನಮ್ಮಪ್ಪ ಸತ್ತಿಲ್ಲ. ಸಾಯ್ಸಿದ್ದು ಈ ಪ್ಯೊ ಸಾರು. ಹೋಗ್ಲಿ, ನನ್ನ ಜಡೆಗೆ ಕಾಸಾದ್ರೂ ಕೊಟ್ರು. ಮಲ್ಸುನಿ ಜಡೆ ಪುಕ್ಕಟೆ ಕುಯ್ಕೊಂಡು, ಅವಳನ್ನೇ ಕಳ್ಳಿ ಅಂದ್ರು. ಅಮ್ಮಾವ್ರೇ, ನಿಮ್ಮ ತಲೆಗೆ ಏರೋದು ಅದೇಯ."

ವಿಗ್ಗನ್ನು ಕಿತ್ತು ಮಗುಚಿ, ಅಸ್ತರಿ ಹರಿದಳು. ಕೆಂಪು ರಿಬ್ಬನ್ ಜೋತುಬಿತ್ತು. ಅದು ಯಾರದೆಂದು ಅಲ್ಲಿದ್ದ ಪ್ರತಿ ಹುಡುಗಿಗೂ ಗೊತ್ತಿತ್ತು.

ಪ್ಯೊ ತಂತಿ ಕಿತ್ತ, ಮೈಕು ಸತ್ತಿತು. "ಗದ್ದೇಲಿ ಹಕ್ಕಿ ಓಡ್ಸಿದ ಗಂಟ್ಲು ಇದು, ನಿನ್ನ ಮೈಕ್ಯಾಕೋ!" ಒಕ್ಬುನಿ ಅರಚಿದಳು. "ಹೇಳ್ರೇ, ಕಳ್ಳರು ಯಾರು?"

ಹುಡುಗಿಯರು ತಲೆ ತಗ್ಗಿಸಿದರು. ಕೆಟ್ಟೆ, ಒಂಟಿಯಾದೆ ಎಂದುಕೊಂಡಳು ಒಕ್ಬುನಿ. ಆಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ತಲೆವಸ್ತ್ರ ಕಿತ್ತೆಸೆದಳು. "ಮುಟ್ಟಾಗಿದ್ದಾಗ್ಲೂ ನನ್ನ ಬಟ್ಟೆ ಬಿಚ್ಚಿಸಿದ್ರು."

"ನನ್ನ ಎದೆ ಹಿಂಡಿ ನಕ್ಕ, ಆ ಪ್ಯೊ!"

"ಬಸುರೀನ ಬಿಸಿಲಲ್ಲಿ ನಿಲ್ಸಿದ್ರು, ಹೊಟ್ಟೇಲಿ ಕೂದ್ಲು ಬಚ್ಚಿಟ್ಟಿದೀಯ ಅಂತ."

ಒಬ್ಬೊಬ್ಬರೂ ತಮ್ಮ ತಮ್ಮದನ್ನು ಹೇಳತೊಡಗಿದರು. ಯಾರೂ ಬರೆದುಕೊಟ್ಟದ್ದಲ್ಲ. ಸಾಹೇಬರ ಹೆಂಡತಿ ಹಿಂದಿನ ಬಾಗಿಲಿನಿಂದ ಜಾರಿಕೊಂಡರು. ಪ್ಯೊ ಪೊಲೀಸರಿಗೆ ಫೋನು ಮಾಡಲು ಓಡಿದ.

ಒಕ್ಬುನಿ ವಿಗ್ಗನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಗೇಟಿಗೆ ಬಂದಳು. ಅಭ್ಯಾಸಬಲದಿಂದ ಮಾ ಅಡ್ಡ ನಿಂತಳು. "ಏನೇ ಅದು? ಮಾಲು ಕದ್ದು..."

"ಹೂಂ ಕಣಮ್ಮ. ಮಲ್ಸುನಿಗೆ ಕೊಡಕ್ಕೆ ಹೋಗ್ತಿದೀನಿ. ತಾಕತ್ತಿದ್ರೆ ಹಿಡ್ಕೋ."

ಮಾ ಅವಳ ಹಿಂದಕ್ಕೆ ನೋಡಿದಳು. ಅಂಗಳ ಹಿಡಿಸಲಾರದಷ್ಟು ಹುಡುಗಿಯರು ತಲೆ ಬಿರಿಹೊಯ್ದುಕೊಂಡು ಬರುತ್ತಿದ್ದರು. ದೂರದಲ್ಲಿ ಪೊಲೀಸ್ ಜೀಪಿನ ಸದ್ದು ಕೇಳಿಸಿತು. ಯಾರ ತಲೆಯಿಂದ ಶುರುಮಾಡುವುದೆಂದು ತೋಚದೆ, ಮಾ ಕತ್ತರಿ ಹಿಡಿದುಕೊಂಡೇ ನಿಂತಿದ್ದಳು.