ಮುನಿಯಲ್ಲಮ್ಮನ ವಂಶದವರು

ಬೈರಕೂರಿನ ಮಾವಿನ ವ್ಯಾಪಾರಿ ಅಮರನಾಥನಿಗೆ ಅರವತ್ತರ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ವಂಶದ ಹೆಮ್ಮೆ ಹುಟ್ಟಿತು. ಬ್ರಿಟಿಷರ ಕಾಲದಲ್ಲಿ ಅವನ ತಾತನ ತಂಗಿ ಮುನಿಯಲ್ಲಮ್ಮ ಚಿನ್ನದ ಗಣಿಯ ದೊರೆಯೊಬ್ಬನ ಮಗುವಿಗೆ ಹಾಲೂಡಿಸಿ ಸಾಕಿದ್ದಳು. ಪಂಚಾಯ್ತಿ ಚುನಾವಣೆ ಹತ್ತಿರ ಬಂದಿದ್ದರಿಂದ ಆ ಆಯಾ ಈಗ ಅವನ ಬಾಯಲ್ಲಿ 'ದೊರೆಸಾನಿಯೇ ಕೈಮುಗಿಯುತ್ತಿದ್ದ ಮಹಾತಾಯಿ' ಆದಳು. ಮನೆಯೆದುರು ಅವಳ ಹೆಸರಿನ ಕಮಾನೂ ಎದ್ದಿತು.

"ಅವಳ ಕಡೆಯವರು ಯಾರಾದ್ರೂ ಇದ್ರೆ ಹುಡುಕಮ್ಮ, ವೇದಿಕೆ ಮೇಲೆ ಕೂರಿಸೋಣ," ಎಂದು ಮಗಳು ಮಾನಸಳಿಗೆ ಹೇಳಿದ.

ಮಾನಸ ಅಜ್ಜಿ ಶಾಮಲಮ್ಮನನ್ನು ಕೇಳಿದಳು. "ನಾನು ಸೊಸೆಯಾಗಿ ಬಂದಾಗ ಆ ಹೆಸರು ಎತ್ತಿದ್ರೆ ನಮ್ಮ ಮಾವ ಉರಿದು ಬೀಳ್ತಿದ್ರು. ಮಗಳನ್ನ ಕಟ್ಕೊಂಡು ಹೋಳೂರಿಗೆ ಹೋದ್ಲಂತೆ," ಎಂದಳು ಮುದುಕಿ.

ಹೋಳೂರಿನಲ್ಲಿ ಮನೆ ಮನೆ ವಿಚಾರಿಸಿದ ಮೇಲೆ ಮುನಿಯಲ್ಲಮ್ಮನ ಮೊಮ್ಮಗಳು, ನಿವೃತ್ತ ಶಿಕ್ಷಕಿ ವೆಂಕಟರತ್ನಮ್ಮ ಸಿಕ್ಕಳು. ವಿಷಯ ಕೇಳಿ ಬಾಯ್ತುಂಬ ನಕ್ಕಳು. "ಕಮಾನು ಕಟ್ಸಿದಾನಾ ನಿಮ್ಮಪ್ಪ? ಬರ್ತೀನಿ ಕಣಮ್ಮ. ನೋಡ್ಲೇಬೇಕು."

ಸಮಾರಂಭದ ದಿನ ಅಮರನಾಥ ಮೈಕು ಹಿಡಿದು, "ನಮ್ಮ ಮನೆತನ ಆ ತಾಯೀನ ದೇವರ ಥರ ನೋಡ್ಕೊಂಡಿತ್ತು," ಎಂದ. ಮುಂದಿನ ಸಾಲಿನ ಮುಖಂಡರು ಚಪ್ಪಾಳೆ ತಟ್ಟಿದರು. ಶಾಲು ಹೊದಿಸಲು ಬಂದಾಗ ವೆಂಕಟರತ್ನಮ್ಮ ಕೈ ಅಡ್ಡ ಹಿಡಿದಳು.

"ಏಮಪ್ಪಾ ಅಮರನಾಥ, ಯಾವ ದೇವರನ್ನ ದನದ ಕೊಟ್ಟಿಗೇಲಿ ಇಡ್ತಾರೆ? ಗಂಡ ಸತ್ತ ಮೇಲೆ ನಮ್ಮಜ್ಜಿ ಮಗಳನ್ನ ಇಲ್ಲಿ ಬಿಟ್ಟು, ಗಣಿ ದೊರೆ ಮನೇಲಿ ದುಡಿದು ಈ ಮನೆಗೆ ರಾಗಿ ಕಳಿಸಿದ್ಲು. ದೊರೆ ಊರು ಬಿಟ್ಟ ಮೇಲೆ ವಾಪಸ್ ಬಂದ್ರೆ, ಬಿಳೀ ಕೂಸಿಗೆ ಮೊಲೆ ಕೊಟ್ಟೋಳು ಒಳಗೆ ಬರಬಾರದು ಅಂತ ನಿಮ್ಮ ತಾತ ಕೊಟ್ಟಿಗೇಲಿ ಎಲೆ ಹಾಕ್ಸಿದ. ಅಲ್ಲೇ ಉಂಡು, ನಮ್ಮಮ್ಮನ್ನ ಎತ್ಕೊಂಡು ಹೋದ್ಲು."

ಅಮರನಾಥ ಹಲ್ಲುಕಿರಿದ. "ಹಳೇ ಕಾಲ, ಬಿಡಕ್ಕ. ಒಳಗೆ ಬಾ, ಊಟ ಮಾಡೋಣ."

"ನನಗೂ ಅಲ್ಲೇ ಎಲೆ ಹಾಕ್ಸು. ಜೊತೆಗೆ ನೀನೂ ಕೂತ್ಕೋ."

ಕೊಟ್ಟಿಗೆ ಈಗ ಅವನ ಕಾರು ನಿಲ್ಲುವ ಶೆಡ್ಡು. ಅಲ್ಲಿಯವರೆಗೆ ನಡೆಯಲು ವಂಶಾಭಿಮಾನಿಯ ಕಾಲೇ ಏಳಲಿಲ್ಲ. ಹೋಳಿಗೆ ಆರಿಹೋಗುತ್ತದೆಂದು ಗೊಣಗುತ್ತ ಒಳಗೆ ಓಡಿದ. ಮುಖಂಡರೂ ತಲೆ ತಗ್ಗಿಸಿಕೊಂಡು ಹಿಂದೆಯೇ ಹೋದರು. ಹೋಳಿಗೆ ಬಿಟ್ಟುಹೋಗುವಷ್ಟು ನಾಚಿಕೆ ಅವರಲ್ಲಿ ಯಾರಿಗೂ ಆಗಿರಲಿಲ್ಲ.

ಮಾನಸ ಎರಡು ಬಾಳೆಲೆ ತಂದು ಶೆಡ್ಡಿನ ನೆಲದ ಮೇಲೆ ಹಾಸಿದಳು. ಶಾಮಲಮ್ಮ ಕೋಲೂರಿಕೊಂಡು ಬಂದು, "ನನಗೂ ಒಂದು ಹಾಕೇ," ಎಂದು ಕೂತಳು. ಮೂವರೂ ಉಂಡರು.

"ಸಾರಿಗೆ ಉಪ್ಪೇ ಹಾಕ್ಸಿಲ್ಲ ನಿಮ್ಮಪ್ಪ," ಎಂದಳು ವೆಂಕಟರತ್ನಮ್ಮ.