ಏರಿನಲ್ಲಿ ಹಿಡಿದು ನಿಲ್ಲುವ ಗಾಡಿ

ಅಪ್ಪನ ಕಾರಿನ ಕೀಲಿಯನ್ನು ನಾನು ಕಸಿದುಕೊಂಡದ್ದು ೧೯೮೭ರ ಜೂನ್ ತಿಂಗಳ ಮೊದಲ ಶನಿವಾರ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಮೂವತ್ತೇಳು ವರ್ಷದಿಂದ ನೇತುಹಾಕುತ್ತಿದ್ದ ಕೀಲಿ ಅದು. ತೆಗೆದು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಎಪ್ಪತ್ತಮೂರು ವರ್ಷದ ಅಪ್ಪ ಕುರ್ಚಿಯಲ್ಲಿ ಕೂತು ಖಾಲಿ ಮೊಳೆಯನ್ನು ನೋಡಿದ. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವತ್ತು ಬೆಳಿಗ್ಗೆ ಆದದ್ದಿಷ್ಟು. ಅಪ್ಪನ ಕಾರಿನ ಮುಂದಿನ ಮಡ್‌ಗಾರ್ಡಿಗೆ ಹಿಂದಿನ ದಿನವಷ್ಟೇ ಬಣ್ಣ ಹೊಡೆದಿತ್ತು, ಒಣಗಿರಲಿಲ್ಲ. ಹಾಗಾಗಿ ಬ್ರೆಡ್ಡು ತರಲು ನನ್ನ ಕಾರು ತೆಗೆದುಕೊಂಡು ಹೋದ. ನದಿಯ ದಡದಿಂದ ಮೇಲಕ್ಕೆ ಹತ್ತುವ ಬೀದಿಯಲ್ಲಿ ಕೆಂಪು ದೀಪ ಬಿತ್ತು, ನಿಲ್ಲಿಸಿದ. ಹಸಿರು ಬರುವ ಮೊದಲೇ ಕಾರು ಹಿಂದಕ್ಕೆ ಜಾರಿ, ಹಿಂದೆ ನಿಂತಿದ್ದ ಬೇಕರಿಯ ವ್ಯಾನಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ವ್ಯಾನಿನ ಮುಂದಿನ ಒಂದು ದೀಪ ಪುಡಿಯಾಯಿತು, ನನ್ನ ಕಾರಿನ ಹಿಂಭಾಗ ಅಪ್ಪಚ್ಚಿಯಾಯಿತು, ಬೇಕರಿಯ ಹೆಲೆಂಕಾಳ ಬ್ರೆಡ್ಡುಗಳೆಲ್ಲ ವ್ಯಾನಿನೊಳಗೆ ಉರುಳಾಡಿದವು.

"ಏನಾಯ್ತಪ್ಪಾ?" ಎಂದು ಕೇಳಿದೆ.

"ಗಾಡಿ ಹಿಡ್ಕೊಳ್ಳಲಿಲ್ಲ."

"ಗಾಡಿ ಯಾಕೆ ಹಿಡ್ಕೊಳ್ಳುತ್ತೆ? ಹಿಡ್ಕೊಳ್ಳಬೇಕಾದೋನು ನೀನು. ಬ್ರೇಕ್ ಮೇಲೆ ಕಾಲಿತ್ತಾ, ಇಲ್ವಾ?"

"ತೆಗೆದೆ."

"ಏರಲ್ಲಿ ನಿಂತಿರೋವಾಗ ಬ್ರೇಕಿಂದ ಕಾಲು ತೆಗೆದೆಯಾ?"

"ನಮ್ಮ ಗಾಡಿ ಆಗಿದ್ರೆ ಹಿಡ್ಕೊಳ್ತಿತ್ತು, ಡೆಲ್ಫೀನ್."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಹತ್ತೊಂಬತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುವವಳು. ಅರವತ್ತು ಮಕ್ಕಳನ್ನು ಹಿಮದ ಮೇಲೆ ಕರೆದುಕೊಂಡು ಹೋಗಿ ಒಂದು ಗೀರು ಬೀಳದಂತೆ ಮನೆ ಮುಟ್ಟಿಸಿದವಳು. "ತಾನು ಯಾವ ಗಾಡೀಲಿ ಕೂತಿದ್ದೀನಿ ಅನ್ನೋದೇ ಮರೆತುಹೋಗೋನ ಕೈಗೆ ಇನ್ಮೇಲೆ ಗಾಡಿ ಕೊಡಬಾರದು. ಇವತ್ತು ಬ್ರೆಡ್ಡು, ನಾಳೆ ಯಾವುದೋ ಮಗು," ಎಂದೆ. ಕೀಲಿ ತೆಗೆದೆ. ಅಲ್ಲೇ ಮೇಜಿನ ಮೇಲೆ ಲೈಸೆನ್ಸ್ ಕಚೇರಿಗೆ ಒಂದು ಕಾಗದ ಬರೆದೆ: ನನ್ನ ತಂದೆ ಬೊಲೆಕ್ ವೆಚೊರೆಕ್ ಅವರಿಗೆ ಮರೆವು ಶುರುವಾಗಿದೆ, ಲೈಸೆನ್ಸ್ ಹಿಂದಕ್ಕೆ ಪಡೆಯಿರಿ.

ಅಪ್ಪ ಅದನ್ನು ಓದಿ ಮಡಚಿ ನನ್ನ ಕೈಗೇ ಕೊಟ್ಟ. "ಈ ತಿಂಗಳ ಕೊನೇ ಭಾನುವಾರ ನಮ್ಮ ಗಾಡಿಯವರೆಲ್ಲ ಸೇರ್ತಾರಲ್ಲಾ, ಅದೊಂದು ಮುಗೀಲಿ. ಆಮೇಲೆ ಹಾಕು," ಎಂದ. ಅಷ್ಟಕ್ಕೆ ಒಪ್ಪಿದೆ.

ಅಮೆರಿಕದ ನಮ್ಮ ಸೌತ್ ಬೆಂಡ್ ಊರಿನಲ್ಲಿ 'ನಮ್ಮ ಗಾಡಿ' ಎಂದರೆ ಒಂದೇ, ಸ್ಟುಡಿಬೇಕರ್. ೧೮೫೨ರಲ್ಲಿ ಇಬ್ಬರು ಅಣ್ಣತಮ್ಮಂದಿರು ಇಲ್ಲಿ ಕುಲುಮೆ ಹಾಕಿದ ಕಥೆಯನ್ನು ನಾನು ತೊಟ್ಟಿಲಲ್ಲಿರುವಾಗಿಂದ ಕೇಳಿದ್ದೇನೆ. ಮೊದಲು ಕುದುರೆ ಬಂಡಿ, ಆಮೇಲೆ ಸೈನ್ಯಕ್ಕೆ ಬಂಡಿ, ಪಶ್ಚಿಮಕ್ಕೆ ಗುಳೆ ಹೋಗುವವರಿಗೆ ಬಂಡಿ, ಹೊಸ ಶತಮಾನ ಬಂದಾಗ ಕಾರು. ಬಂಡಿ ಮಾಡುತ್ತಿದ್ದ ದೊಡ್ಡವರಲ್ಲಿ ಕಾರಿಗೆ ದಾಟಿ ಬದುಕಿದವರು ನಾವೊಬ್ಬರೇ ಎಂಬುದು ಅಪ್ಪನ ಹೆಮ್ಮೆ. ಆ ನೂರು ವರ್ಷವೂ ತಾನೇ ಕುಲುಮೆ ಊದಿದವನಂತೆ ಹೇಳುತ್ತಾನೆ. ಅವನು ಕಾರ್ಖಾನೆ ಸೇರಿದ್ದು ೧೯೩೬ರಲ್ಲಿ, ಬ್ರೇಕಿನ ಕೊಳವೆ ಜೋಡಿಸುವ ಸಾಲಿಗೆ. ಏರಿನಲ್ಲಿ ಗಾಡಿಯನ್ನು ತಾನಾಗಿ ಹಿಡಿದು ನಿಲ್ಲಿಸುವ ಒಂದು ಪುಟ್ಟ ಸಾಧನ ಬಂದದ್ದೂ ಅದೇ ವರ್ಷ. ಅದನ್ನು ಸಾವಿರಾರು ಗಾಡಿಗೆ ಕೂರಿಸಿದ್ದು ಅವನ ಕೈ. ಆಗಿನಿಂದ ಅವನು ಓಡಿಸುತ್ತ ಬಂದದ್ದೂ ನಮ್ಮ ಗಾಡಿಯನ್ನೇ.

೧೯೬೩ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಎರಡು ವಾರ ಇರುವಾಗ, ಊರಿನ ಕಾರ್ಖಾನೆ ಮುಚ್ಚುತ್ತದೆಂದು ರೇಡಿಯೋ ಹೇಳಿತು. ಅಪ್ಪನಿಗೆ ನಲವತ್ತೊಂಬತ್ತು. ಅವನ ವಯಸ್ಸಿನವರ ಪಿಂಚಣಿಯೂ ಹೆಚ್ಚುಕಡಿಮೆ ನೀರುಪಾಲಾಯಿತು. ಆಮೇಲೆ ಹದಿನೈದು ವರ್ಷ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಬಾಯ್ಲರ್ ಕಾಯುವ ಕೆಲಸ ಮಾಡಿದ. ಕಾರ್ಖಾನೆ ಮುಚ್ಚಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಪ್ಪನಾದರೋ ಪ್ರತಿ ಶನಿವಾರ ಅದೇ ಕಾರ್ಖಾನೆಯ ತನ್ನ ಕಾರನ್ನು ಒರೆಸಿ ಒರೆಸಿ ಕನ್ನಡಿ ಮಾಡುತ್ತಿದ್ದ. "ನಿನ್ನನ್ನ ಬೀದಿಗೆ ಬಿಟ್ಟೋರ ಗಾಡಿಗೆ ಇಷ್ಟು ಉಪಚಾರವಾ?" ಎಂದು ಒಮ್ಮೆ ಚುಚ್ಚಿದ್ದೆ. "ಮುಚ್ಚಿದೋರು ಬೇರೆ, ಮಾಡಿದೋರು ಬೇರೆ ಕಣಮ್ಮ. ಮಾಡಿದೋರು ನಾವು," ಎಂದಿದ್ದ.

ನನ್ನ ಕಾರು ಗ್ಯಾರೇಜಿನಲ್ಲಿ ಮೂರು ವಾರ ಕೂತಿತು. ಬೇಸಿಗೆ ರಜೆ, ಬಸ್ಸೂ ಇಲ್ಲ. ಬೇರೆ ದಾರಿಯಿಲ್ಲದೆ ಅಪ್ಪನ ಕಾರು ತೆಗೆದೆ. ೧೯೫೦ರ ಚಾಂಪಿಯನ್, ಮೂತಿ ಥೇಟು ವಿಮಾನದ್ದು. ಅದುವರೆಗೆ ಅಪ್ಪ ಅದರ ಸ್ಟೀರಿಂಗ್ ಯಾರಿಗೂ ಮುಟ್ಟಗೊಟ್ಟಿರಲಿಲ್ಲ, ನನ್ನ ಸತ್ತುಹೋದ ಗಂಡನಿಗೂ. ಮೊದಲ ದಿನ ಕೀಲಿ ತಿರುಗಿಸಿ ತಿರುಗಿಸಿ ಸೋತೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಕಿಟಕಿಯಾಚೆ ನೋಡುತ್ತ, "ಕೀಲಿ ತಿರುಗಿಸಿ ಬಿಟ್ಬಿಡು. ಕ್ಲಚ್ಚನ್ನ ನೆಲಕ್ಕೆ ತುಳಿ," ಎಂದ. ತುಳಿದೆ. ಎಂಜಿನ್ನು ಕೆಮ್ಮದೆ ಕೆರಳದೆ ಎದ್ದು ಕೂತಿತು.

ಅದೇ ಏರು, ಅದೇ ಕೆಂಪು ದೀಪ. "ಕ್ಲಚ್ ಒತ್ತಿದೀಯಲ್ಲ? ಬ್ರೇಕೂ ಒತ್ತು. ಈಗ ಬ್ರೇಕಿಂದ ಕಾಲು ತೆಗಿ."

"ತಲೆ ಕೆಟ್ಟಿದೆಯಾ ನಿಂಗೆ?"

"ತೆಗಿಯೇ. ಒಳಗೆ ಒಂದು ಉಕ್ಕಿನ ಗುಂಡಿದೆ. ಗಾಡಿ ಮೂತಿ ಮೇಲಾದಾಗ ಗುಂಡು ಹಿಂದಕ್ಕೆ ಉರುಳಿ ಬ್ರೇಕಿನ ಕೊಳವೆ ಮುಚ್ಚುತ್ತೆ. ಕ್ಲಚ್ ಬಿಡೋವರೆಗೂ ಗಾಡಿ ಅಲುಗಲ್ಲ."

ಕೊನೆಗೂ ಕಾಲೆತ್ತಿದೆ. ಒಂದೂವರೆ ಟನ್ನಿನ ಆ ಗಾಡಿ ಏರಿನಲ್ಲಿ ಬಂಡೆಯಂತೆ ನಿಂತಿತು. ಒಪ್ಪಲೇಬೇಕು, ನಾನು ಬೆರಗಾದೆ. ಹತ್ತೊಂಬತ್ತು ವರ್ಷ ಗಾಡಿ ಓಡಿಸಿಯೂ ಇಂಥದ್ದು ಕಂಡಿರಲಿಲ್ಲ. ಚಿಕ್ಕಂದಿನಿಂದ ಬಡಾಯಿ ಅಂದುಕೊಂಡಿದ್ದು ನಿಜವಾಗಿತ್ತು. ಹಾಗಂತ ಸೋತೆನೆಂದು ಹೇಳಲಿಲ್ಲ. "ಸರಿ, ನಿನ್ನ ಗಾಡಿ ಹಿಡ್ಕೊಳ್ಳುತ್ತೆ. ಆದ್ರೆ ನೀನು ಕೂತಿದ್ದು ನನ್ನ ಗಾಡೀಲಿ. ಬುದ್ಧಿ ನೆಟ್ಟಗಿರೋರಿಗೆ ಅಷ್ಟು ಗೊತ್ತಾಗಲ್ವಾ?" ಎಂದೆ.

ಮೂರು ವಾರದಲ್ಲಿ ಆ ಗಾಡಿ ನನ್ನನ್ನು ಒಳಗೆ ಹಾಕಿಕೊಂಡುಬಿಟ್ಟಿತು. ಪೆಟ್ರೋಲು ಕುಡಿಯುವುದಿಲ್ಲ, ಬರೀ ಮೂಸುತ್ತದೆ. ಸೀಟು ಸೋಫಾ. ನಿಂತಲ್ಲೆಲ್ಲ ಯಾರಾದರೊಬ್ಬರು ಬಂದು, "ನಮ್ಮಪ್ಪನೂ ಅಲ್ಲೇ ಕೆಲಸಕ್ಕಿದ್ದ," ಎಂದು ಬಾನೆಟ್ಟು ಸವರಿ ಹೋಗುತ್ತಿದ್ದರು.

ಕೊನೆಯ ಭಾನುವಾರ ಚರ್ಚಿನ ಹಿಂದಿನ ಬಯಲಿನಲ್ಲಿ ನಲವತ್ತು ಸ್ಟುಡಿಬೇಕರ್‌ಗಳು ಸೇರಿದವು. ಸಾಸೇಜು ಸುಡುವ ಹೊಗೆ, ಕೋಸಿನೆಲೆಯಲ್ಲಿ ಸುತ್ತಿದ ಮಾಂಸದ ಪಾತ್ರೆಗಳು, ಮಡಚುವ ಕುರ್ಚಿಗಳು. ಅಯೋವಾದಿಂದ ಬಂದ ಒಬ್ಬ ರೈತ ಹೆಂಗಸು ತನ್ನ ಹಸಿರು ಟ್ರಕ್ಕಿಗೆ ಒರಗಿ, "ಇಬ್ಬರು ಗಂಡಂದಿರನ್ನ ಮಣ್ಣು ಮಾಡಿದೆ. ಇದಿನ್ನೂ ಜೋಳ ಹೊರ್ತಿದೆ. ಮೂರನೆಯೋನು ಬೇಕಾಗಿಲ್ಲ," ಎಂದಳು. ಇನ್ನೊಬ್ಬ ತುಕ್ಕು ಹಿಡಿದ ತನ್ನ ಮಡ್‌ಗಾರ್ಡಿಗೆ ಬೆರಳು ತೂರಿಸಿ ತೋರಿಸುತ್ತ, "ಮೈಯೆಲ್ಲ ಕರಗಿದ್ರೂ ಎಂಜಿನ್ನು ಮಾತ್ರ ಹೋಗ್ತಾ ಇರುತ್ತೆ ಕಣ್ರೀ," ಎಂದು ಮಗನ ಬಗ್ಗೆ ಹೇಳುವಂತೆ ಹೇಳಿದ.

ನಾವು ಒಳಗೆ ಬರುತ್ತಿದ್ದಂತೆ ಅಪ್ಪನ ಹಳೆಯ ಜೊತೆಗಾರ ಲಾಯೋಷ್ ಎದುರಾದ. ಹಂಗೇರಿಯವನು, ಸಾಲಿನಲ್ಲಿ ಅಪ್ಪನ ಪಕ್ಕದಲ್ಲೇ ಇಪ್ಪತ್ತು ವರ್ಷ ನಿಂತವನು.

"ಲೋ ಬೊಲೆಕ್, ಈ ಗಾಡಿಗೆ ಮುಂದೆ ಯಾವ್ದು ಹಿಂದೆ ಯಾವ್ದು ಅಂತ ಜನಕ್ಕೆ ಮೊದಲೇ ಗೊತ್ತಾಗಲ್ಲ. ಈಗ ನಿಂಗೂ ಗೊತ್ತಾಗ್ತಿಲ್ವೇನೋ? ಸ್ಟೀರಿಂಗು ಬಿಟ್ಟು ಬಲಗಡೆ ಕೂತಿದ್ದೀಯ!"

ಸುತ್ತಲಿದ್ದವರು ನಕ್ಕರು. ಅಪ್ಪನ ಕಿವಿ ಕೆಂಪಾದದ್ದು ನನಗೆ ಕಂಡಿತು. ಮಗಳು ಕೀಲಿ ಕಿತ್ತುಕೊಂಡಿದ್ದಾಳೆ ಎಂದು ಅವನು ಹೇಳಬಹುದಿತ್ತು. ಟೊಪ್ಪಿಗೆ ಸರಿಮಾಡಿಕೊಂಡು, "ಮಗಳು ಕಲೀತಿದ್ದಾಳೆ ಕಣೋ," ಎಂದ. ನನ್ನ ಮಾನ ಕಾಯ್ದನೋ, ತನ್ನದನ್ನೋ, ತಿಳಿಯಲಿಲ್ಲ. ತಟ್ಟೆಯ ಸಾಸೇಜನ್ನು ಮುಟ್ಟದೆ ಹಾಗೇ ಇಟ್ಟೆ. ಆದರೂ ಕಾಗದ ಕೈಚೀಲದಲ್ಲೇ ಇತ್ತು, ಹಟ ಎದೆಯಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ನನ್ನ ಕಾರು ರಿಪೇರಿಯಾಗಿ ಬಂತು. ಅಂಚೆ ಕಚೇರಿಗೆ ಹೊರಟೆ. ಕೀಲಿ ತಿರುಗಿಸಿ ಬಿಟ್ಟು, ಕ್ಲಚ್ಚನ್ನು ನೆಲಕ್ಕೆ ತುಳಿದು ಕಾದೆ. ಎಂಜಿನ್ನು ಮಿಸುಕಲಿಲ್ಲ. ಇನ್ನೊಮ್ಮೆ ತುಳಿದೆ. ಆಮೇಲೆ ಹೊಳೆಯಿತು, ಈ ಕಾರಿಗೆ ಕೀಲಿಯನ್ನೇ ಪೂರ್ತಿ ತಿರುಗಿಸಬೇಕು. ನನ್ನಷ್ಟಕ್ಕೆ ನಕ್ಕು ಹೊರಟೆ.

ನದಿ ಬೀದಿಯ ಏರಿನಲ್ಲಿ ಕೆಂಪು ದೀಪ ಬಿತ್ತು. ಕಾಗದ ಡಬ್ಬಿಗೆ ಬಿದ್ದಮೇಲೆ ಅಪ್ಪನ ಮುಖ ಹೇಗೆ ನೋಡುವುದು ಎಂದು ಯೋಚಿಸುತ್ತಿದ್ದೆ. ಕ್ಲಚ್ ಒತ್ತಿದೆ, ಬ್ರೇಕ್ ಒತ್ತಿದೆ, ಬ್ರೇಕಿನಿಂದ ಕಾಲು ತೆಗೆದು ಆರಾಮವಾಗಿ ಕೂತೆ. ಕನ್ನಡಿಯಲ್ಲಿ ಬಿಳಿ ವ್ಯಾನೊಂದು ದೊಡ್ಡದಾಗುತ್ತ ಬಂತು. ಅದು ನನ್ನ ಕಡೆಗೆ ಬರುತ್ತಿದೆ ಅಂದುಕೊಂಡೆ. ಗಾಜು ಒಡೆದ ಸದ್ದು ಕೇಳಿಸಿದ ಮೇಲೇ ಗೊತ್ತಾಗಿದ್ದು, ಅದರ ಕಡೆಗೆ ಹೋದವಳು ನಾನು.

ಹೆಲೆಂಕಾ ಏಪ್ರನ್ನಿನಲ್ಲೇ ಇಳಿದು ಬಂದಳು. "ಹೊಸ ದೀಪ ಹಾಕ್ಸಿ ನಾಲ್ಕು ದಿನ ಆಗಿಲ್ಲ ಕಣೇ ಡೆಲ್ಫೀನ್! ಇದೇನು ನಿಮ್ಮ ವಂಶಕ್ಕೇ ಬಂದಿರೋ ಕಾಯಿಲೆನಾ? ಏನಾಯ್ತು?"

"ಗಾಡಿ ಹಿಡ್ಕೊಳ್ಳಲಿಲ್ಲ," ಎಂದೆ.

ಅದು ನನ್ನ ಬಾಯಿಂದಲೇ ಬಂದ ಮಾತು. ಹೆಲೆಂಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಪ್ಪನೂ ಇದನ್ನೇ ಹೇಳಿದ್ದು," ಎಂದಳು.

ಮನೆಗೆ ಬಂದಾಗ ಅಪ್ಪ ಸೌತೆಕಾಯಿ ಹೆಚ್ಚುತ್ತಿದ್ದ. ನಾನು ಅವನ ಕೀಲಿಯನ್ನು ಮೊಳೆಗೆ ತೂಗುಹಾಕಿದೆ.

"ಕಾಗದ ಹಾಕಿದ್ಯಾ?"

"ಇಲ್ಲ. ಹೆಲೆಂಕಾ ವ್ಯಾನಿಗೆ ಗುದ್ದಿದೆ. ಅದೇ ಜಾಗದಲ್ಲಿ. ಬ್ರೇಕಿಂದ ಕಾಲು ತೆಗೆದೆ."

ಅಪ್ಪ ಚಾಕು ಕೆಳಗಿಟ್ಟ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. "ನಮ್ಮ ಗಾಡೀನ ಎಷ್ಟು ದಿನ ಓಡಿಸ್ದೆ?"

"ಮೂರು ವಾರ."

"ನಾನು ಐವತ್ತು ವರ್ಷ ಕಣಮ್ಮ," ಎಂದ ಮೆಲ್ಲಗೆ.

ನನಗೆ ನಾಚಿಕೆಯಾಯಿತು. ನನ್ನ ಕಾಲು ಮೂರೇ ವಾರದಲ್ಲಿ ನಂಬಿದ್ದನ್ನು ಅಪ್ಪನ ಕಾಲು ಐವತ್ತು ವರ್ಷ ನಂಬಿತ್ತು. ಅದನ್ನು ನಾನು ಮರೆವು ಎಂದು ಸರ್ಕಾರಕ್ಕೆ ಬರೆದಿದ್ದೆ. "ತಪ್ಪಾಯ್ತಪ್ಪಾ," ಎಂದೆ. ಅಳು ಬಂತು, ಅತ್ತೆ. ಅವನು ಒಂದು ಹೋಳು ಸೌತೆಕಾಯಿ ನನ್ನ ಕೈಗಿಟ್ಟು ಟೊಪ್ಪಿಗೆ ಹುಡುಕಿದ. "ಏಳು, ಹೆಲೆಂಕಾಗೆ ದೀಪ ತಂದ್ಕೊಡೋಣ. ನಾನು ಓಡಿಸ್ತೀನಿ. ಇವತ್ತು ನೀನು ಓಡಿಸಿದ್ದು ಸಾಕು."

ಏರಿನಲ್ಲಿ ಮತ್ತೆ ಕೆಂಪು ದೀಪ. ಅಪ್ಪ ನಿಲ್ಲಿಸಿದ. ಬ್ರೇಕಿನಿಂದ ಕಾಲೆತ್ತಿ ಪಕ್ಕಕ್ಕಿಟ್ಟ. ಗಾಡಿ ಕೂದಲೆಳೆಯಷ್ಟೂ ಕದಲಲಿಲ್ಲ. ಅವನೇ ಎಂದೋ ಕೂರಿಸಿದ್ದ ಗುಂಡಾಗಿರಬಹುದು ಎಂದುಕೊಂಡೆ. ಬೀದಿ ಬದಿಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಡೆಯುತ್ತಿದ್ದ ಲಾಯೋಷ್ ನಮ್ಮನ್ನು ನೋಡಿ ನಿಂತ.

"ಏನೋ ಬೊಲೆಕ್, ಮತ್ತೆ ಎಡಗಡೆ ಸ್ಟೀರಿಂಗಿಗೆ ಬಂದ್ಯಾ? ಮಗಳು ಕಲಿತಾಯ್ತಾ?"

ಅಪ್ಪ ನನ್ನ ಕಡೆ ನೋಡಿದ. ನಾನು ಕಿಟಕಿಯ ಗಾಜು ಇಳಿಸಿದೆ.

"ಕಲಿತೆ ಮಾಮ," ಎಂದೆ.

ದೀಪ ಹಸಿರಾಯಿತು.