ಉಪದೇಶಿಯ ಗಾಂಧಾರ

ಆ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಡಿಸೆಂಬರ್ ಇಪ್ಪತ್ತೇಳಾದರೂ ಹಾಸನದಿಂದ ಡಬ್ಬಿ ಬರಲಿಲ್ಲ. ಪಟ್ಟಾಭಿರಾಮ ಮೇಷ್ಟ್ರು ಮೂರು ದಿನದಿಂದ ಅರಕಲಗೂಡಿನ ಬಸ್ ಸ್ಟ್ಯಾಂಡಿಗೆ ಎಡತಾಕುತ್ತಿದ್ದರು. ಹಾಸನದ ಬಸ್ಸಿನ ಕಂಡಕ್ಟರ್ ಬೈರಯ್ಯ ಅವರನ್ನು ದೂರದಿಂದಲೇ ನೋಡಿ ಕೈಯಾಡಿಸಿದ.

"ಇಲ್ಲ ಸಾ. ಈ ಸಲ ಅಮ್ಮಾವ್ರು ಬಸ್ ಸ್ಟ್ಯಾಂಡ್ ಕಡೀಕೇ ಬರ್ನಿಲ್ಲ. ವರ್ಸಾ ವರ್ಸಾ ತಪ್ಪುಸ್ದಂಗೆ ತಂದ್ಕೊಡೋರು. ಉಸಾರಿಲ್ವೇನೋ, ಯಾರ್ ಕಂಡೌರೆ?"

ಒಂದು ಸ್ಟೀಲಿನ ಡಬ್ಬಿ, ಅದರೊಳಗೆ ಮೊಟ್ಟೆ ಹಾಕದ ಕ್ರಿಸ್‌ಮಸ್ ಕೇಕು. ಹನ್ನೊಂದು ವರ್ಷ ತಪ್ಪದೆ ಬಂದಿತ್ತು. ಹನ್ನೊಂದು ವರ್ಷವೂ ಮೇಷ್ಟ್ರು ಅದರಲ್ಲಿ ಒಂದು ಚೂರನ್ನೂ ಬಾಯಿಗಿಟ್ಟಿರಲಿಲ್ಲ. ಅವರ ಹೆಂಡತಿ ಕಾಮಾಕ್ಷಮ್ಮ ಚಪ್ಪರಿಸಿಕೊಂಡು ತಿಂದು, ಡಬ್ಬಿ ತೊಳೆದು, ಒಳಗೆ ಒಂದಿಷ್ಟು ಕೋಡುಬಳೆ ತುಂಬಿ, 'ತುಂಬಾ ಚೆನ್ನಾಗಿತ್ತು' ಎಂದು ಚೀಟಿ ಬರೆದು ವಾಪಸು ಕಳಿಸುತ್ತಿದ್ದರು. ಡಬ್ಬಿ ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದ ಮೇಷ್ಟ್ರಿಗೆ ಈಗ ಅದು ಬಾರದೆ ಇದ್ದದ್ದೇ ದಿಗಿಲಾಯಿತು. ಡಬ್ಬಿ ಕಳಿಸುತ್ತಿದ್ದ ಪ್ರೇಮಕುಮಾರಿ ಟೀಚರ್ ಸತ್ತೇ ಹೋಗಿದ್ದರೆ? ಹನ್ನೆರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಇನ್ನು ಯಾರ ಮುಂದೆ ಹೇಳುವುದು? ಮೇಷ್ಟ್ರು ಮನೆಗೂ ತಿಳಿಸದೆ, ಉಟ್ಟ ಪಂಚೆಯಲ್ಲೇ ಬೈರಯ್ಯನ ಬಸ್ಸು ಹತ್ತಿದರು.

ಬಸ್ಸು ಹೊರಟಿತು, ಜೊತೆಗೆ ಹಳೆಯ ನೆನಪೂ ಹೊರಟಿತು. ತೊಂಬತ್ತರ ಆಚೀಚೆ ಮೇಷ್ಟ್ರು ಹಾಸನದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಕಲಿಸುತ್ತಿದ್ದರು. ಪ್ರೇಮಕುಮಾರಿ ಅಲ್ಲಿ ಹೊಲಿಗೆ ಟೀಚರ್. ಪಬ್ಲಿಕ್ ಪರೀಕ್ಷೆಯಲ್ಲಿಲ್ಲದ ಸಬ್ಜೆಕ್ಟು ಕಲಿಸುವವರಿಗೆ ಸ್ಟಾಫ್ ರೂಮಿನಲ್ಲಿ ಎಂಥ ಜಾಗ ಸಿಗುತ್ತದೆ ಎಂದು ಬಲ್ಲವರೇ ಬಲ್ಲರು. ಇಬ್ಬರಿಗೂ ಸೇರಿಸಿ ಬಾಗಿಲ ಹಿಂದೆ ಒಂದು ಬೆಂಚು. ಬಾಗಿಲು ತೆರೆದರೆ ಇವರು ಮರೆಯಾಗುತ್ತಿದ್ದರು. ಅಷ್ಟು ಸಾಕಾಗಿತ್ತು ಅವರಿಗೆ. ಆ ಬೆಂಚಿನ ಮೇಲೆ ಕೂತು ಹಂಚಿಕೊಂಡ ಉಪ್ಪಿಟ್ಟು, ಆಡಿದ ವಾದ, ನಕ್ಕ ನಗು ನೆನೆದರೆ ಮೇಷ್ಟ್ರಿಗೆ ಈಗಲೂ ಎದೆ ಹಗುರಾಗುತ್ತಿತ್ತು.

ಮೇಷ್ಟ್ರು ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದವರು, ಪಿಟೀಲಿನ ಮನೆತನ. ಕಿವಿ ಎಂದರೆ ಕಿವಿ! ಲಾರಿ ಹಾರ್ನ್ ಹೊಡೆದರೆ ಅದು ಎಷ್ಟು ಏರಿದೆ ಎಂದು ಹೇಳುವರು, ಮನೆಯ ಕುಕ್ಕರ್ ಕೂಗಿದರೆ ಮುಖ ಹಿಂಡುವರು. ಇಂಥವರನ್ನು ಪ್ರೇಮಕುಮಾರಿ ಹೇಗೋ ಒಪ್ಪಿಸಿ ತಮ್ಮ ಚರ್ಚಿಗೆ ಕರೆದೊಯ್ದಿದ್ದರು, ಕ್ರಿಸ್‌ಮಸ್ ಹಾಡುಗಳಿಗೆ ಪಿಟೀಲು ನುಡಿಸಲು. ಅಗ್ರಹಾರದ ನೆಂಟರು ಹುಬ್ಬೇರಿಸಿದರು. ಕಾಮಾಕ್ಷಮ್ಮ ಮೊದಲ ವರ್ಷ ಮಾತೇ ಬಿಟ್ಟರು, ಎರಡನೇ ವರ್ಷ ಕೇಕು ಮನೆಗೆ ಬಂದ ಮೇಲೆ ಮಾತಾಡಿದರು.

ದೇವರ ಮಗ ಲೋಕದ ಪಾಪ ಹೊತ್ತನೆನ್ನುವ ಒಂದು ಹಾಡಿನ ಅರ್ಥದ ಮೇಲೆ ಬೆಂಚಿನಲ್ಲಿ ದಿನವೂ ಜಗಳ.

"ಅದ್ಹೇಗೆ ಟೀಚರ್, ಪಾಪ ಮಾಡಿದವನು ಒಬ್ಬ, ಹೊತ್ತುಕೊಂಡವನು ಇನ್ನೊಬ್ಬ? ನಾನು ಉಂಡರೆ ನಿಮ್ಮ ಹೊಟ್ಟೆ ತುಂಬುತ್ತದೆಯೇ?"

"ತುಂಬಲ್ಲ ಮೇಷ್ಟ್ರೇ. ಆದ್ರೆ ನಿಮ್ಮ ಕೈಲಿರೋ ಭಾರ ನಾನು ಇಸ್ಕೊಂಡ್ರೆ ನಿಮ್ಮ ಕೈ ಹಗುರಾಗಲ್ವ?"

"ಭಾರ ಬೇರೆ, ಕರ್ಮ ಬೇರೆ. ಅವರವರದ್ದು ಅವರವರಿಗೆ."

"ಹಂಗಾದ್ರೆ ನಮ್ಮಂಥೋರ ಗತಿ ಏನು?" ಎಂದು ಪ್ರೇಮಕುಮಾರಿ ನಕ್ಕು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೇಷ್ಟ್ರಿಗೆ ವಾದ ಗೆದ್ದ ಖುಷಿ.

ಚರ್ಚಿನಲ್ಲೊಂದು ಹಾರ್ಮೋನಿಯಂ ಇತ್ತು. ಪ್ರೇಮಕುಮಾರಿಯ ತಂದೆ ಬೈಬಲ್ ಬೋಧಿಸುವ ಉಪದೇಶಿಯಾಗಿದ್ದವರು. ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಊರೂರು ಹಾಡುತ್ತಾ ತಿರುಗಿದ್ದರು. ಕಡೆಗೆ ಚರ್ಚಿನ ಸಭೆಗೇ ಕೊಟ್ಟು ಕಣ್ಣು ಮುಚ್ಚಿದ್ದರು. ಅಪ್ಪನ ನಂತರ ಅದರ ಮುಂದೆ ಕೂರುತ್ತಿದ್ದವರು ಮಗಳು. ಬೇರೆ ಯಾರೂ ಅದರ ಪೆಟ್ಟಿಗೆ ಬಿಚ್ಚಕೂಡದೆಂದು ಸಭೆಯ ಹಿರಿಯರ ಕಟ್ಟಪ್ಪಣೆ.

ಆ ಹಾರ್ಮೋನಿಯಂನ ಮಧ್ಯಸ್ಥಾಯಿಯ ಗಾಂಧಾರ, ಸರಿಗಮದ 'ಗ', ಮೇಷ್ಟ್ರ ಕಿವಿಗೆ ಚುಚ್ಚುತ್ತಿತ್ತು. ಎಲ್ಲ ಹಾರ್ಮೋನಿಯಂಗಳಲ್ಲೂ ಅದು ಶ್ರುತಿಯಲ್ಲಿ ಕೂದಲೆಳೆಯಷ್ಟು ಮೇಲೆಯೇ ಇರುತ್ತದೆ, ಕೇಳುವವರು ಯಾರೂ ಅದಕ್ಕಾಗಿ ಊಟ ಬಿಟ್ಟಿದ್ದಿಲ್ಲ. ಇವರಿಗೆ ಮಾತ್ರ ಚಪ್ಪಲಿಯೊಳಗಿನ ಕಲ್ಲಾಯಿತು. ಐದು ವರ್ಷ ಸಹಿಸಿದರು. ತೊಂಬತ್ತನಾಲ್ಕರ ಡಿಸೆಂಬರಿನಲ್ಲಿ, ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಮಧ್ಯಾಹ್ನ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಹೋದವರಿಗೆ ಚರ್ಚು ಖಾಲಿ ಸಿಕ್ಕಿತು.

ಪಿಟೀಲಿನ ತಂತಿ ಹೊರುವ ಕುದುರೆಯನ್ನು ತಿದ್ದಲು ಅವರ ಪೆಟ್ಟಿಗೆಯಲ್ಲಿ ಸದಾ ಒಂದು ಪುಟ್ಟ ಅರ ಇರುತ್ತಿತ್ತು. ಹಾರ್ಮೋನಿಯಂ ಮುಚ್ಚಳ ಬಿಚ್ಚಿದರು. ರೀಡಿನ ಹಿತ್ತಾಳೆ ನಾಲಿಗೆಯನ್ನು ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ. ಕೆರೆದರು, ಒತ್ತಿ ನೋಡಿದರು. ಮತ್ತೆ ಕೆರೆದರು. ಮೂರನೇ ಸಲಕ್ಕೆ ಗಾಂಧಾರ ಬಂದು ತನ್ನ ಜಾಗದಲ್ಲಿ ಕೂತಿತು. ಆಹಾ, ಮೇಷ್ಟ್ರ ಮೈ ಜುಮ್ಮೆಂದಿತು! ಆ ಸಂಭ್ರಮಕ್ಕೆ ತಿದಿಯನ್ನು ಜೋರಾಗಿ ಒತ್ತಿದರು. ಸವೆದಿದ್ದ ನಾಲಿಗೆ ಬುಡದಲ್ಲೇ ಟಣ್ಣೆಂದು ಮುರಿಯಿತು. ಆ ಸ್ವರದ ಕೀ ಒತ್ತಿದರೆ ಬರೀ ಗಾಳಿ.

ಹೊರಗೆ ಹೆಜ್ಜೆ ಸದ್ದು. ಮೇಷ್ಟ್ರು ಮುಚ್ಚಳ ಮುಚ್ಚಿ, ಹಿಂಬಾಗಿಲಿನಿಂದ ಜಾರಿ, ಅರ್ಧ ಗಂಟೆ ರಸ್ತೆ ಸುತ್ತಿ, ಆಗ ತಾನೇ ಬಂದವರಂತೆ ಮುಂಬಾಗಿಲಿನಿಂದ ಒಳಗೆ ಬಂದರು. ಒಳಗೆ ಹಿರಿಯರೆಲ್ಲ ಹಾರ್ಮೋನಿಯಂ ಸುತ್ತ ನಿಂತಿದ್ದರು. ಪಾದ್ರಿಯಾಗಿದ್ದ ಸಭಾಪಾಲಕರು ಕೇಳುತ್ತಿದ್ದರು, "ಯಾರು ಮುಟ್ಟಿದ್ದು?"

ಮೇಷ್ಟ್ರು ಬಾಯಿ ತೆರೆದರು. ರುದ್ರಪಟ್ಟಣದ ಹೆಸರು, ಶಾಲೆ, ನೆಂಟರು ಎಲ್ಲ ಒಟ್ಟಿಗೆ ಅಡ್ಡ ಬಂದವು. ಅಷ್ಟರಲ್ಲಿ ಪ್ರೇಮಕುಮಾರಿಯ ದನಿ ಕೇಳಿತು.

"ನಾನೇ. ಧೂಳು ಒರೆಸೋಣ ಅಂತ ಬಿಚ್ಚಿದ್ದೆ. ನನ್ನ ಕೈಲೇ ಆಯ್ತು."

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಪ್ಪನ ವಸ್ತುವನ್ನೇ ಉಳಿಸಿಕೊಳ್ಳಲಿಲ್ಲ ಎಂದು ಹೆಂಗಸರು ಪಿಸುಗುಟ್ಟಿದರು. ಹೊಸ ವರ್ಷಕ್ಕೆ ಸಭೆಯವರು ಕೀಬೋರ್ಡು ತಂದು ಇನ್ನೊಬ್ಬರನ್ನು ಕೂರಿಸಿದರು. ಹಾರ್ಮೋನಿಯಂ ಗೋಣಿಚೀಲ ಹೊದ್ದು ಪ್ರೇಮಕುಮಾರಿಯ ಮನೆ ಸೇರಿತು. ಅವರು ಹಿಂದಿನ ಸಾಲಿನಲ್ಲಿ ಕೂತು ಹಾಡತೊಡಗಿದರು.

ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು: ಪಾಪ, ಆಕೆ ಬೆಳಿಗ್ಗೆ ನಿಜವಾಗಿಯೂ ಒರೆಸಿರಬೇಕು, ತನ್ನಿಂದಲೇ ಆಯಿತೆಂದು ನಂಬಿಬಿಟ್ಟಿದ್ದಾಳೆ. ನಾಳೆ ಹೇಳಿದರಾಯಿತು. ನಾಳೆ ನಾಳೆ ಎನ್ನುತ್ತಾ ಮಾರ್ಚ್ ಬಂತು. ಬೆಂಚಿನ ಮೇಲೆ ವಾದ ನಿಂತುಹೋಯಿತು. ಜೂನಿನಲ್ಲಿ ಕೇಳಿಕೊಂಡು ಅರಕಲಗೂಡಿಗೆ ವರ್ಗ ಮಾಡಿಸಿಕೊಂಡರು. ಆ ಡಿಸೆಂಬರಿಗೆ ಬೈರಯ್ಯನ ಕೈಯಲ್ಲಿ ಮೊದಲ ಡಬ್ಬಿ ಬಂತು. ಮಾಡದ ತಪ್ಪನ್ನು ತನ್ನದೆಂದು ನಂಬಿ ಕೊರಗುವ ಹೆಂಗಸಿನ ಕೈಯ ಕೇಕು ಯಾವ ಗಂಟಲಲ್ಲಿ ಇಳಿಯಬೇಕು?

ಹಾಸನದಲ್ಲಿ ಇಳಿದು ಆಟೋ ಹಿಡಿದು ಮೇಷ್ಟ್ರು ಮನೆ ಮುಟ್ಟುವಾಗ ಹನ್ನೊಂದು ಗಂಟೆ. ಬಾಗಿಲು ತೆರೆದವರು ಪ್ರೇಮಕುಮಾರಿಯೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗೋಡೆ ಹಿಡಿದು ನಿಂತಿದ್ದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಅಯ್ಯೋ ಮೇಷ್ಟ್ರೇ! ಬನ್ನಿ ಬನ್ನಿ. ಈ ಸಲ ಡಬ್ಬಿ ಕಳಿಸಕ್ಕಾಗ್ಲಿಲ್ಲ, ಬೇಜಾರಾಯ್ತೇನೋ. ಚಿಕುನ್‌ಗುನ್ಯಾ ಬಂದು ಬೆರಳೆಲ್ಲ ನೋಡಿ ಹೆಂಗಾಗಿದೆ. ಹಿಟ್ಟು ಕಲಸಕ್ಕೇ ಆಗಲ್ಲ."

"ಡಬ್ಬಿ ಕೇಳಲು ಬಂದಿಲ್ಲ ಟೀಚರ್," ಎಂದವರೇ ಮೇಷ್ಟ್ರು ನಿಂತಲ್ಲೇ ಶುರು ಮಾಡಿದರು. ಕೂತರೆ ಧೈರ್ಯ ಕೆಡುತ್ತದೆಂಬ ಭಯ. "ಆ ರೀಡು ನಿಮ್ಮಿಂದ ಮುರಿದದ್ದಲ್ಲ. ನಾನು ಮುರಿದೆ. ಅರದಿಂದ ಕೆರೆದು ಮುರಿದೆ. ನೀವು ನಿಮ್ಮದೇ ತಪ್ಪೆಂದು ಇಷ್ಟು ವರ್ಷ..."

ಪ್ರೇಮಕುಮಾರಿ ಒಳಗೆ ಹೋದರು. ಹೊಲಿಗೆ ಮೆಷಿನ್ನಿನ ಡ್ರಾಯರ್ ಎಳೆದ ಸದ್ದಾಯಿತು. ಬಂದವರು ಒಂದು ಬಟ್ಟೆಯ ಸುರುಳಿಯನ್ನು ಮೇಷ್ಟ್ರ ಕೈಗಿಟ್ಟರು. ಬಿಚ್ಚಿದರೆ ಅದೇ ಪುಟ್ಟ ಅರ. ಅದು ಕಳೆದುಹೋಯಿತೆಂದು ಮೇಷ್ಟ್ರು ಹೊಸದು ಕೊಂಡಿದ್ದರು.

"ತಿದಿ ಪಕ್ಕದಲ್ಲೇ ಬಿಟ್ಟೋಗಿದ್ರಿ. ಇನ್ಯಾರ್ಗೂ ಕಾಣೋ ಮೊದ್ಲು ಸೆರಗಲ್ಲಿ ಮುಚ್ಕೊಂಡೆ."

ಮೇಷ್ಟ್ರು ಕುರ್ಚಿಯ ಮೇಲೆ ಕೂತರು. "ಗೊತ್ತಿತ್ತೇ? ಗೊತ್ತಿದ್ದೂ ಯಾಕೆ ಹೊತ್ತುಕೊಂಡಿರಿ?"

"ನಿಮ್ಮ ಹೆಸರು ಬಂದಿದ್ರೆ ನೀವು ಊರಲ್ಲಿ ತಲೆ ಎತ್ತಾ ಇರ್ಲಿಲ್ಲ. ನಮ್ಮೋರು ನಿಮ್ಮನ್ನ ಒಳಗೂ ಸೇರುಸ್ತಿರ್ಲಿಲ್ಲ." ಟೀಚರ್ ತಮ್ಮ ಊದಿದ ಬೆರಳು ನೀವಿಕೊಂಡರು. "ಜೊತೆಗೆ, ಒಬ್ಬರದ್ದು ಒಬ್ಬರು ಹೊರೋದು ಹೆಂಗೆ ಅಂತ ನೀವು ದಿನಾ ಕೇಳ್ತಿದ್ರಿ. ನಾನು ವಾರವಾರ ಚರ್ಚಲ್ಲಿ ಅದನ್ನೇ ಕೇಳ್ತಿದ್ದೆ. ಒಂದ್ಸಲ ಹೊತ್ತು ನೋಡೋಣ ಅನ್ನುಸ್ತು. ಸುಳ್ಳು ಹೇಳಿದ್ದಕ್ಕೆ ಅವತ್ತೇ ದೇವರ ಹತ್ರ ಕ್ಷಮೆ ಕೇಳ್ಕೊಂಡೆ."

"ಭಾರವಾಗಲಿಲ್ಲವೇ?"

"ಆಯ್ತು. ಇಲ್ಲ ಅಂದ್ರೆ ಇನ್ನೊಂದು ಸುಳ್ಳಾಗುತ್ತೆ. ಹಿಂದಿನ ಸಾಲಲ್ಲಿ ಕೂತು ಎಷ್ಟೋ ಭಾನುವಾರ ಅತ್ತಿದೀನಿ. ಡಬ್ಬಿ ಕಳಿಸಿದ್ದು, ನನಗೆ ಕೋಪ ಇಲ್ಲ ಅಂತ ನಿಮಗೆ ಗೊತ್ತಾಗ್ಲಿ ಅಂತ."

ಆ ಡಬ್ಬಿಗಳಿಂದ ಒಂದು ಚೂರೂ ತಾವು ತಿಂದಿಲ್ಲವೆಂಬುದನ್ನೂ ಮೇಷ್ಟ್ರು ಒಪ್ಪಿಕೊಂಡುಬಿಟ್ಟರು. ಪ್ರೇಮಕುಮಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹನ್ನೊಂದು ವರ್ಷ ಕಾಮಾಕ್ಷಮ್ಮನವ್ರಿಗೇ ತಿನ್ಸಿದೀನಿ ಅನ್ನಿ!"

ಮೇಷ್ಟ್ರು ನಗಲಿಲ್ಲ. ಎದ್ದು ನಿಂತರು. "ಈ ಭಾನುವಾರ ಚರ್ಚಿಗೆ ಬರುತ್ತೇನೆ. ಎಲ್ಲರ ಮುಂದೆ ನಿಜ ಹೇಳುತ್ತೇನೆ. ಇಲ್ಲದಿದ್ದರೆ ಇದು ತೀರುವುದಿಲ್ಲ."

"ಬೇಡಿ ಮೇಷ್ಟ್ರೇ. ಅವತ್ತಿನ ಹಿರಿಯರು ಒಬ್ಬರೂ ಉಳಿದಿಲ್ಲ. ನಾನು ಕೊಟ್ಟಿದ್ದು ಕೊಟ್ಟಾಯ್ತು. ನೀವದನ್ನ ವಾಪಸ್ ತಂದು ನನ್ನ ಬಾಗಿಲಲ್ಲಿ ಇಡ್ಬೇಡಿ. ಇಟ್ಕೊಳ್ಳಿ."

ಶಿಕ್ಷೆಗೆ ಸಿದ್ಧರಾಗಿ ಬಂದಿದ್ದರು ಮೇಷ್ಟ್ರು. ಶಿಕ್ಷೆ ಎಂದೋ ಮುಗಿದಿತ್ತು, ಅನುಭವಿಸಿದವರು ಎದುರಿಗೇ ಕೂತಿದ್ದರು. ಇನ್ನೊಬ್ಬರು ಕೊಟ್ಟದ್ದನ್ನು ಸುಮ್ಮನೆ ಇಟ್ಟುಕೊಳ್ಳುವುದು ಇಷ್ಟು ಕಷ್ಟವೆಂದು ಅವರಿಗೆ ತಿಳಿದಿರಲಿಲ್ಲ. ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತರು. ಟೀಚರ್ ಅವರನ್ನು ಅಳಲು ಬಿಟ್ಟು ಒಳಗೆ ಹೋಗಿ ಕಾಫಿ ತಂದರು.

ಕಾಫಿ ಮುಗಿದ ಮೇಲೆ ಟೀಚರ್ ಮೂಲೆಯಲ್ಲಿದ್ದ ಹಾರ್ಮೋನಿಯಂನ ಗೋಣಿಚೀಲ ಸರಿಸಿದರು. "ಎಡಗೈ ಪರವಾಗಿಲ್ಲ, ತಿದಿ ಒತ್ತುತ್ತೆ. ಬಲಗೈಯಲ್ಲಿ ಎರಡು ಬೆರಳು ಆಡುತ್ವೆ. ನೀವು ಹಾಡಿ."

ಬೆಂಚಿನ ಮೇಲೆ ಜಗಳವಾಡಿದ್ದ ಅದೇ ಹಾಡು. ಟೀಚರ್ ನಿಧಾನವಾಗಿ ನುಡಿಸಿದರು. ಗಾಂಧಾರದ ಜಾಗ ಬಂದಾಗ ಅಭ್ಯಾಸಬಲದಿಂದ ಒತ್ತಿದರು. ಉಸ್ಸೆಂದು ಬರೀ ಗಾಳಿ ಬಂತು. ಹನ್ನೆರಡು ವರ್ಷದಿಂದ ಈ ಮನೆಯಲ್ಲಿ ಆ ಜಾಗ ಹಾಗೆಯೇ ಖಾಲಿ ಇತ್ತು.

ಮೇಷ್ಟ್ರು ಆ ಜಾಗಕ್ಕೆ ತಮ್ಮ ದನಿ ಕೊಟ್ಟರು. ತಮ್ಮ ಗುರುಗಳು ಕಲಿಸಿದ, ಜೀವಮಾನವಿಡೀ ಕಾದುಕೊಂಡು ಬಂದ ಗಾಂಧಾರವನ್ನಲ್ಲ. ಕೂದಲೆಳೆಯಷ್ಟು ಮೇಲಿದ್ದ, ಐದು ವರ್ಷ ಕಿವಿಗೆ ಚುಚ್ಚಿದ್ದ, ಸೈಕಲ್ಲಿನ ಮೇಲೆ ಊರೂರು ತಿರುಗಿದ್ದ ಹಳೆಯ ಗಾಂಧಾರವನ್ನೇ ಇದ್ದ ಹಾಗೆ ಹಾಡಿದರು.

ಪ್ರೇಮಕುಮಾರಿಯ ತಿದಿಯ ಕೈ ನಿಂತಿತು.

"ಅಪ್ಪಂದು," ಎಂದರು.

"ಹೌದು," ಎಂದರು ಮೇಷ್ಟ್ರು. "ಇನ್ನೊಮ್ಮೆ ಮೊದಲಿನಿಂದ ನುಡಿಸಿ."